ಒಳಗೆ ಬಂದ ಬಕಲ್‌ಗಳು

ನನ್ನಣ್ಣನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ಅವನನ್ನು ಪಂಡಿತ ಎಂದೇ ಕರೆಯುತ್ತೇವೆ. ಅದನ್ನೂ ಹೊಗಳಿಕೆ ಎಂದುಕೊಂಡಿದ್ದಾನೆ. ಹಾಕಿ ಸ್ಟಿಕ್ಕನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ತಿಳಿಯದವನು, ಮಗಳು ಜಿಲ್ಲಾ ತಂಡದ ಗೋಲ್‌ಕೀಪರ್ ಆಯ್ಕೆಗೆ ಇಳಿಯುವ ದಿನ ಕಾಲಿನ ಪ್ಯಾಡ್ ಕಟ್ಟಲು ತಾನೇ ಕೂತ. ಅಷ್ಟು ದಿನ ನನ್ನ ಹಳೆಯ ಪ್ಯಾಡನ್ನು ಅವಳಿಗೆ ಕಟ್ಟುತ್ತಿದ್ದವಳು ನಾನು. ಹನ್ನೆರಡು ವರ್ಷ ಗೋಲ್‌ನಲ್ಲಿ ನಿಂತವಳು.

"ಕೊಡಣ್ಣ, ನಾನು ಕಟ್ತೀನಿ."

"ಇದು ನಿನ್ನ ಕಾಲದ್ದಲ್ಲಮ್ಮ, ಹೊಸ ಮಾಲು. ಎಡ, ಬಲ ಅಂತ ಬರೆದೇ ಇದೆ. ಸುಮ್ನೆ ಕೂತ್ಕೋ."

ಬರೆದಿದ್ದೇನೋ ನಿಜ. ಆದರೆ ಮಗಳಿಗೆ ಎದುರಾಗಿ ಕೂತ ಪಂಡಿತ, ತನ್ನ ಎಡಗಡೆ ಕಂಡ ಕಾಲಿಗೆ ಎಡದ ಪ್ಯಾಡ್ ಕಟ್ಟಿದ. ಅದು ಅವಳ ಬಲಗಾಲು! ಹೊರಮಗ್ಗುಲಿಗೆ ಇರಬೇಕಾದ ಬಕಲ್‌ಗಳು ಎರಡು ಕಾಲಿನ ನಡುವೆ ಬಂದು ಎದುರುಬದುರು ನಿಂತವು. ಮಂಡಿ ಮಡಿಚಲೆಂದು ಸಡಿಲ ಬಿಡಬೇಕಾದ ಮೇಲಿನ ಪಟ್ಟಿಯನ್ನು ಮೂಟೆ ಕಟ್ಟುವವನ ಹಾಗೆ ಬಿಗಿದ.

"ಸರಿ ಇದೆಯಾ ಅತ್ತೆ? ಏನೋ ಬೇರೆ ಥರ ಅನ್ನಿಸ್ತಿದೆ," ಅಂದಳು ಹುಡುಗಿ.

ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಮಾಡಿದ್ದುಣ್ಣೋ ಮಹಾರಾಯ, ಎಲ್ಲರೆದುರು ಒಮ್ಮೆ ಇವನ ಮಾನ ಹೋಗಲಿ ಎನ್ನಿಸಿತು.

"ನಿಮ್ಮಪ್ಪನೇ ಕಟ್ಟಿದಾನಲ್ಲ, ಇನ್ನೇನು?" ಅಂದೆ.

ಎರಡನೆಯ ಚೆಂಡಿಗೇ ಮುಗಿಯಿತು. ಪಕ್ಕಕ್ಕೆ ಸರಿಯಲು ಹೋದಳು, ಬಕಲ್‌ಗೆ ಬಕಲ್ ಸಿಕ್ಕಿಕೊಂಡಿತು, ಮುಖ ಅಡಿಯಾಗಿ ಬಿದ್ದಳು. ಮಡಿಚಲಾಗದ ಮಂಡಿಯಲ್ಲಿ ಏಳಲೂ ಆಗಲಿಲ್ಲ. ಚೆಂಡು ನಿಧಾನವಾಗಿ ಉರುಳಿ ಒಳಗೆ ಹೋಯಿತು. ಆಯ್ಕೆಗಾರರು ಇನ್ನೊಬ್ಬಳನ್ನು ಕರೆದರು.

"ಮೈದಾನವೇ ಸರಿಯಿಲ್ಲ," ಅಂದ ಪಂಡಿತ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯದೆಯೇ ಅಂದ.

ಹುಡುಗಿ ಬಂದು ಅವನ ಪಕ್ಕ ಕೂರಲಿಲ್ಲ, ನನ್ನ ಪಕ್ಕ ಕೂತಳು. ಬಗ್ಗಿ ಬಕಲ್‌ಗಳನ್ನು ನೋಡಿದಳು, ಬಹಳ ಹೊತ್ತು.

"ಅತ್ತೆ, ಅಪ್ಪ ಕಟ್ಟೋವಾಗ ನೀನು ನೋಡ್ತಾನೇ ಇದ್ದೆ, ಅಲ್ವಾ?"

ಅಣ್ಣನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪ್ಯಾಡ್ ಬಿಚ್ಚಲು ಅವಳ ಮುಂದೆ ಮಂಡಿಯೂರಿದೆ.

ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಬೇಡ. ನಾನೇ ಬಿಚ್ಕೋತೀನಿ."