ಮಹಾಪ್ರಾಣ

ಕೀಬೋರ್ಡನ್ನು ಬೋರಲು ಹಾಕಿ ಮೇಜಿನ ಅಂಚಿಗೆ ಬಡಿದಾಗ ಒಂದು ಹುರಿಗಡಲೆ, ಯಾರದೋ ಉಗುರಿನ ಚೂರು, ಮದುವೆ ಕಾರ್ಡಿನ ಬಂಗಾರದ ಪುಡಿ ಉದುರಿದವು. ಅನಂತರಾಜು ಇನ್ನೊಮ್ಮೆ ಬಡಿದ. ಇಷ್ಟು ವರ್ಷ ಇದರ ಮೇಲೆ ತುಮಕೂರಿನವರ ಸುಖದುಃಖಗಳನ್ನೆಲ್ಲ ಕುಟ್ಟಿದ್ದಕ್ಕೆ ಸಿಕ್ಕಿದ ಹೊಟ್ಟು ಇದು. ಕಾಳು ಯಾರ ಮನೆಗೆ ಹೋಯಿತೋ.

“ಹೊಸ ಸಾಫ್ಟ್‌ವೇರಿಗೆ ಕೂರೋಕೆ ಮುಂಚೆ ಮಡಿ ಮಾಡ್ತಾವ್ರೆ ನಮ್ಮ ಎಂ.ಎ. ಸಾಹೇಬ್ರು,” ಅಂದ ಜಯಪ್ರಕಾಶ್.

ಬಿ.ಎಚ್. ರಸ್ತೆಯ ಆ ಫ್ಲೆಕ್ಸ್ ಅಂಗಡಿಯ ಮಾಲೀಕ ಅವನು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೇ ಡುಮ್ಕಿ ಹೊಡೆದವನು. ಹಾಗಾಗಿ ಕನ್ನಡ ಎಂ.ಎ. ಮಾಡಿದವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ. ಕುಣಿಗಲ್ಲಿನಲ್ಲಿ ಯಾರೋ ಫ್ಲೆಕ್ಸಿನವನಿಗೆ ಕಳ್ಳ ಕಾಪಿಯ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಕ್ಕೆ ನೋಟಿಸ್ ಬಂತೆಂದು ಸುದ್ದಿ ಕೇಳಿದಂದಿನಿಂದ ಅವನಿಗೆ ಧರ್ಮದಲ್ಲಿ ಆಸಕ್ತಿ ಹುಟ್ಟಿತ್ತು.

“ಇಂಕ್‌ಸ್ಕೇಪ್ ಅಂತೆ ಕಣ್ರೀ. ಪುಕ್ಕಟೆ. ಯಾವ್ಯಾವ್ದೋ ದೇಶದೋರು ಬಿಡುವಾದಾಗ ಕೂತ್ಕೊಂಡು ಬರ್ದು, ಯಾರಾದ್ರೂ ಬಳಸ್ಕಳ್ಳಿ ಅಂತ ಬುಟ್ಟವ್ರಂತೆ.”

“ಯಾಕಂತೆ?”

“ಅದೇ ನಂಗೂ ಅನುಮಾನ.”

ಅನಂತರಾಜು ಅದನ್ನು ತೆರೆದ. ಬಿಳಿ ಹಾಳೆಯೊಂದು ಬಂದು ನಿಂತಿತು. ಇದರಲ್ಲಿ ಬರೆದ ಗೆರೆಯನ್ನು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಬೆರಳುಗುರಿನಷ್ಟು ದೀಪವನ್ನು ಬಸ್‌ಸ್ಟ್ಯಾಂಡಿನಷ್ಟು ಅಗಲ ಎಳೆದರೂ ಅಂಚು ನುಣ್ಣಗೇ ಇರುತ್ತದೆ. ಮನುಷ್ಯರ ಕನಿಕರಕ್ಕೆ ಈ ಗುಣ ಯಾಕೆ ಬರಲಿಲ್ಲವೋ, ಅಂದುಕೊಂಡ. ಅಂದುಕೊಂಡದ್ದು ಚೆನ್ನಾಗಿದೆ ಅನ್ನಿಸಿತು. ಅವನಿಗೆ ತನ್ನ ಮಾತು ಚೆನ್ನಾಗಿ ಕಾಣುವುದು ಬಾಯಿಗೆ ಬರುವ ಮುಂಚೆ ಮಾತ್ರ.

ಆಗಲೇ ಅಕ್ಕನ ಮಗಳು ತೇಜಸ್ವಿನಿ ಗುಬ್ಬಿ ಬಸ್ಸಿನಿಂದ ಇಳಿದು ಒಳಗೆ ಬಂದದ್ದು.

“ಬಾ, ಕೂತ್ಕೊ. ಕಾಫಿ ತರ್ಸ್ಲಾ?”

“ಬೇಡ. ನಾಳಿದ್ದು ಅಪ್ಪನ ವರ್ಷದ ಕಾರ್ಯ. ಒಂದು ಫ್ಲೆಕ್ಸ್ ಬೇಕಿತ್ತು.”

“ಫೋನಲ್ಲೇ ಹೇಳ್ಬೋದಿತ್ತಲ್ಲ.”

“ಎತ್ತಿದ್ರಾ ನೀವು?”

ನೀವು. ಮೊನ್ನೆ ಮೊನ್ನೆಯವರೆಗೂ ‘ಮಾಮ, ನೀನು’ ಅನ್ನುತ್ತಿದ್ದ ಹುಡುಗಿ. ಮರ್ಯಾದೆ ಕೊಟ್ಟು ಹೊರಗೆ ತಳ್ಳುವುದು ಕನ್ನಡದಲ್ಲಿ ಎಷ್ಟು ಸಲೀಸು ಎಂದು ಅನಂತರಾಜು ವ್ಯಾಕರಣದ ದೃಷ್ಟಿಯಿಂದ ಮೆಚ್ಚಿಕೊಂಡ.

ಭಾವ ಶಿವರಾಮಯ್ಯ ತೀರಿಕೊಂಡ ದಿನ ಅವನು ಗುಬ್ಬಿಗೆ ಹೋಗಿದ್ದ, ಹೋಗಲಿಲ್ಲ ಅಂತಲ್ಲ. ಅಕ್ಕ ಗಂಗಲಕ್ಷ್ಮಮ್ಮ ಅವನ ಹೆಗಲಿಗೆ ಬಿದ್ದು ಅತ್ತಳು. ಏನಾದರೂ ಹೇಳಬೇಕಿತ್ತು. ಅವಳ ತಲೆಯ ಆಚೆ, ಗೇಟಿಗೆ ಕಟ್ಟಿದ್ದ ಇನ್ಯಾವುದೋ ಅಂಗಡಿಯ ಫ್ಲೆಕ್ಸು ಕಾಣುತ್ತಿತ್ತು: ಭಾವಪೂರ್ಣ ಶ್ರದ್ದಾಂಜಲಿ.

“ಅಕ್ಕ, ಮಹಾಪ್ರಾಣ ಹೋಗಿದೆ,” ಅಂದ.

ಅಕ್ಕ ಮೊದಲು ಭಾವನ ಬಗ್ಗೆ ಅಂದುಕೊಂಡು ಇನ್ನಷ್ಟು ಅತ್ತಳು. ಅವನು ತಿದ್ದಿದ: “ಅಲ್ಲಿ, ಫ್ಲೆಕ್ಸಲ್ಲಿ. ದಕಾರಕ್ಕೆ ಧಕಾರದ ಒತ್ತು ಬರ್ಬೇಕು.” ಅವಳ ಅಳು ನಿಂತುಹೋಯಿತು. ಅವತ್ತು ಸಮಾಧಾನ ಹೇಳಲು ಬಂದವರಲ್ಲಿ ಅಳು ನಿಲ್ಲಿಸಿದವನು ಅವನೊಬ್ಬನೇ.

ಆಮೇಲೆ ತಿಥಿಗೆ ಹೋಗಲಿಲ್ಲ, ಹಬ್ಬಕ್ಕೆ ಹೋಗಲಿಲ್ಲ. ಅಕ್ಕ ಒಮ್ಮೆ ಫೋನು ಮಾಡಿ, “ಮೊಕ ತೋರ್ಸೋಕೆ ಆಗ್ದಿದ್ರೆ ಬುಡು. ಒಂದು ಕಾಗದ ಬರಿ. ಓದ್ದೋನು ನೀನು, ಬರ್ದಾದ್ರೂ ಹೇಳು,” ಅಂದಿದ್ದಳು. ಬರೆಯುತ್ತೇನೆ ಅಂದಿದ್ದ. ಗುಬ್ಬಿ ಬಸ್ಸುಗಳು ದಿನವೂ ಅಂಗಡಿಯ ಮುಂದೆಯೇ ಹೋಗುತ್ತಿದ್ದವು.

ತೇಜಸ್ವಿನಿ ಫೋಟೋ ಮೇಜಿನ ಮೇಲಿಟ್ಟಳು. “ಕೆಳಗೆ ದುಃಖತಪ್ತರು ಅಂತ ಹಾಕಿ, ಅಮ್ಮ, ನಾನು, ದೊಡ್ಡಪ್ಪ ರಾಮಾಂಜಿನಯ್ಯ. ಅದಾದ್ಮೇಲೆ ಒಂದು ಹೆಸರಿನ ಜಾಗ ಬಿಡಿ ಅಂದ್ಲು ಅಮ್ಮ.”

“ಯಾರ್ದು?”

“ನಿಮ್ದೇ. ಸಂಜೆ ಒಳಗೆ ಕಾಗದ ಬಂದ್ರೆ ಹಾಕ್ಬೇಕಂತೆ. ಇಲ್ದಿದ್ರೆ ಅಲ್ಲೊಂದು ಹೂವ ಹಾಕ್ಬುಡಿ ಅಂದವ್ಳೆ. ಆಮೇಲೆ ಬರೆಯೋದೂ ಬೇಡವಂತೆ, ಬರೋದೂ ಬೇಡವಂತೆ.”

“ಏನಂತ ಬರೀಲಿ?”

“ನನ್ನ ಕೇಳ್ತೀರಲ್ಲ. ಊರಿಗೆಲ್ಲ ಬರ್ದು ಕೊಡೋರು ನೀವು.” ಅವಳು ಎದ್ದಳು. “ನನ್ನ ವಾಟ್ಸಾಪಿಗೆ ಕಳ್ಸಿದ್ರೂ ಸಾಕು. ಓದಿ ಹೇಳ್ತೀನಿ.”

“ಹೂವೇ ಚೆಂದ ಕಣಮ್ಮ,” ಅಂದ ಜಯಪ್ರಕಾಶ್ ಮಷಿನ್ ಹತ್ತಿರದಿಂದ. “ಇವ್ರ ಹೆಸ್ರು ಉದ್ದ.”

ಅವಳು ನಗಲಿಲ್ಲ. ಬಸ್ಸು ಹತ್ತಿದಳು.

ಹಳೆಯ ಸಾಫ್ಟ್‌ವೇರಿನಲ್ಲಿ ಮಾಡಿಟ್ಟಿದ್ದ ಪುಣ್ಯಸ್ಮರಣೆಯ ಫೈಲನ್ನು ಅನಂತರಾಜು ಹೊಸದರಲ್ಲಿ ತೆರೆದ. ದೀಪ ಸರಿಯಾಗಿತ್ತು. ಮೋಡ ಸರಿಯಾಗಿತ್ತು. ‘ನಿಮ್ಮ ಅಗಲಿಕೆಯ ನೋವಿನಲ್ಲಿ’ ಕೂಡ ಒಂದು ಕೂದಲೂ ಕೊಂಕದೆ ನಿಂತಿತ್ತು. ಯಾರು ಸತ್ತರೂ ಬದಲಾಗದ ಸಾಲೆಂದು ಅದನ್ನು ಎಂದೋ ಅಕ್ಷರದಿಂದ ಫಾಂಟಿನ ಹಂಗಿಲ್ಲದ ಬರೀ ಆಕಾರವಾಗಿ ಮಾರ್ಪಡಿಸಿ ಇಟ್ಟಿದ್ದರು. ಕೆಟ್ಟದ್ದು ಹೆಸರುಗಳು ಮಾತ್ರ. ಹೋದ ಸಲ ಸತ್ತಿದ್ದ ಕೋರ ಊರಿನ ಯಜಮಾನರೊಬ್ಬರ ಹೆಸರಿದ್ದ ಜಾಗದಲ್ಲಿ ಎಬಿಸಿಡಿಗಳು, ಕೊಂಬುಗಳು, ತಲೆಕೆಳಗಾದ ಪ್ರಶ್ನಾರ್ಥಕಗಳು. ಹಳೆಯ ಫಾಂಟು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಮುಖವಾಡ ಹಾಕಿ ಕೂರಿಸಿತ್ತು. ಪುಕ್ಕಟೆ ಬಂದ ಈ ಪ್ರಾಮಾಣಿಕ ಸಾಫ್ಟ್‌ವೇರು ಅದನ್ನು ಕಿತ್ತು ತೋರಿಸಿತ್ತು.

“ಇದೇನ್ರೀ, ಸತ್ತೋರು ಫಾರಿನ್ನಿಗೆ ಹೋದ್ರಾ?”

“ಫಾಂಟ್ ಹೊಂದ್ಲಿಲ್ಲ. ಹೆಸ್ರೆಲ್ಲ ಹೊಸದಾಗಿ ಟೈಪ್ ಮಾಡ್ಬೇಕು.”

“ಮಾಡಿ. ದುಃಖ ಅಂತೂ ರೆಡಿ ಅದಲ್ಲ.”

ಭಾವನ ಫೋಟೋ ಸ್ಕ್ಯಾನ್ ಮಾಡಿ ತೆರೆಯ ಮೇಲೆ ತೊಳೆದ. ಹಿನ್ನೆಲೆ ತೆಗೆದ, ಬಣ್ಣ ತಿಳಿಯಾಗಿಸಿದ, ಗಲ್ಲದ ಮೇಲಿನ ಮಚ್ಚೆಯನ್ನು ಕೊಳೆಯೆಂದು ಅಳಿಸಿದ. ಅಳಿಸಿದ ಮೇಲೆ ಅದು ಮಚ್ಚೆಯೋ ಕೊಳೆಯೋ ನೆನಪಾಗಲಿಲ್ಲ. ಯಾರನ್ನು ಕೇಳುವುದು? ಕೇಳಬಹುದಾದವಳೊಬ್ಬಳು ಗುಬ್ಬಿಯಲ್ಲಿದ್ದಳು. ಹೆಸರುಗಳನ್ನು ಟೈಪ್ ಹೊಡೆದು, ರಾಮಾಂಜಿನಯ್ಯನ ಪಕ್ಕ ಜಾಗ ಬಿಟ್ಟು, ಕಾಗದಕ್ಕೆಂದು ಅದರಲ್ಲೇ ಹೊಸ ಹಾಳೆ ತೆರೆದ.

ಮೇಲೆ ‘ಅಕ್ಕನಿಗೆ’ ಎಂದು ಬರೆದ. ಕೆಳಗೆ ‘ಇಂತಿ, ಅನಂತರಾಜು’. ನಡುವಿನದ್ದು ಇನ್ನೇನು, ತುಂಬಿಸಿದರಾಯಿತು.

ಬೆರಳು ತಾನಾಗಿಯೇ ಹೊಡೆಯಿತು: ನಿಮ್ಮ ಆತ್ಮಕ್ಕೆ ಚಿರಶಾಂತಿ ಸಿಗಲಿ. ಅಕ್ಕ ಇನ್ನೂ ಬದುಕಿದ್ದಳು. ಸಾಲನ್ನು ಹಿಡಿದು ಹಾಳೆಯ ಅಂಚಿನಾಚೆ, ತೆರೆಯ ಬೂದು ಬಯಲಿಗೆ ಎಳೆದು ಬಿಟ್ಟ. ಆಮೇಲೆ: ಅವತ್ತು ನಾನು ಹಾಗೆ ಅನ್ನಬಾರದಿತ್ತು. ಇದು ನಿಜ. ನಿಜವಾದ್ದರಿಂದಲೇ ತೀರಾ ಬತ್ತಲೆಯಾಗಿ ಕಂಡಿತು. ಅಕ್ಷರದ ಗಾತ್ರ ಇಳಿಸಿದ. ಅಂಜಿದ ಹಾಗೆ ಕಂಡಿತು. ಏರಿಸಿದ, ಚುನಾವಣೆಯ ಫ್ಲೆಕ್ಸಿನ ಹಾಗೆ ಕಂಡಿತು. ಅದನ್ನೂ ಹೊರಗೆ ಎಳೆದ. ಆಮೇಲೆ ಬೇಕಾದರೆ ತಂದುಕೊಳ್ಳಬಹುದು. ನನಗೆ ಅಳು ಬರುವುದಿಲ್ಲ ಅಕ್ಕ, ಯಾಕೆಂದು ಗೊತ್ತಿಲ್ಲ. ಇದು ಯಾರಿಗೆ ಬೇಕು? ಹೊರಗೆ. ಭಾವ ನನ್ನನ್ನು ಒಂದು ದಿನವೂ ಹೀಯಾಳಿಸಲಿಲ್ಲ. ಹೊರಗೆ. ಮಧ್ಯಾಹ್ನ ಕಳೆಯಿತು. ಹಾಳೆಯ ಸುತ್ತ ಸಾಲುಗಳು, ಛತ್ರದ ಬಾಗಿಲಲ್ಲಿ ಕರೆಯದೆ ಬಂದವರಂತೆ ಗುಂಪುಗೂಡಿದ್ದವು.

“ಗುಬ್ಬಿದು ಪ್ರಿಂಟಿಗೆ ಹಾಕ್ಲಾ?” ಜಯಪ್ರಕಾಶ್ ಕೂಗಿದ. “ಹೆಸ್ರಾ, ಹೂವಾ?”

“ತಡೀರಿ. ಒಂದು ನಿಮ್ಷ.”

ಅನಂತರಾಜು ಅವಸರದಲ್ಲಿ ಕಾಗದವನ್ನು ಪಿಡಿಎಫ್ ಮಾಡಿದ, ತೆರೆದು ನೋಡಿದ. ಹಾಳೆಯ ಗಡಿಯೊಳಗೆ ಇದ್ದದ್ದಷ್ಟೇ ಬಂದಿತ್ತು. ಹೊರಗಿದ್ದದ್ದು ಹೊರಗೇ ಉಳಿದಿತ್ತು. ಮೇಲೆ ಅಕ್ಕ, ತಳದಲ್ಲಿ ಅವನು, ನಡುವೆ ಬಿಳಿ. ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸುವವರು ಮರೆತು ಹೋದ ಹಾಗೆ.

ಹಿಂದಕ್ಕೆ ಹೋಗಿ ಒಂದು ಸಾಲನ್ನಾದರೂ ಒಳಗೆಳೆಯಬಹುದಿತ್ತು. ಯಾವುದನ್ನು ಅಂತ ನೋಡುತ್ತ ಕೂತ. ಹೊರಗಿನಿಂದ ಅವೆಲ್ಲ ಅವನನ್ನೇ ನೋಡುತ್ತಿದ್ದವು.

“ಏನ್ರೀ?”

“ಆಯ್ತು,” ಅಂದು ತೇಜಸ್ವಿನಿಯ ನಂಬರು ಹುಡುಕಿ, ಆ ಬಿಳಿ ಹಾಳೆಯನ್ನು ಕಳಿಸಿದ.