ಉಳಿದ ಸದಸ್ಯರು

"ಹಾಗಾದ್ರೆ ನಾವು ಸ್ವಲ್ಪ ಹೊರಗಿರ್ತೀವಿ," ಎಂದು ಎಂಡಿ ಎದ್ದರು. ಅವರು ಎದ್ದದ್ದೇ ತಡ, ಹಣಕಾಸಿನ ನಿರ್ದೇಶಕರು ಎದ್ದರು, ಉತ್ಪಾದನೆಯವರು ಎದ್ದರು, ಸಿಬ್ಬಂದಿ ವಿಭಾಗದವರು ಮೊಬೈಲನ್ನು ಜೇಬಿಗೆ ತುರುಕುತ್ತ ಎದ್ದರು. ಹೊರಗಿನಿಂದ ನೇಮಕವಾಗಿದ್ದ ಇಬ್ಬರು ಸದಸ್ಯರು, ಒಬ್ಬರು ನಿವೃತ್ತ ಪ್ರಾಧ್ಯಾಪಕರು, ಇನ್ನೊಬ್ಬರು ನಿವೃತ್ತ ಎಂಜಿನಿಯರು, ಮೇಜಿಗೆ ಕೈ ಊರಿ ನಿಧಾನಕ್ಕೆ ಎದ್ದರು. ಆರು ಕುರ್ಚಿಗಳು ಹಿಂದೆ ಸರಿದವು, ಬಾಗಿಲು ಮುಚ್ಚಿತು. ಹದಿನಾಲ್ಕು ಜನ ಕೂರುವ ಆ ಉದ್ದ ಮೇಜಿನ ಒಂದು ತುದಿಯಲ್ಲಿ ಸರ್ಕಾರದ ಪ್ರತಿನಿಧಿ, ಇನ್ನೊಂದು ತುದಿಯಲ್ಲಿ ಕಂಪನಿಯ ಕಾರ್ಯದರ್ಶಿ ಉಳಿದರು. ಕಾರ್ಯದರ್ಶಿ ಸದಸ್ಯೆಯಲ್ಲ, ಸಭೆಯ ನಡಾವಳಿ ಬರೆಯುವವಳು. ಲೆಕ್ಕಕ್ಕೆ ಹಿಡಿದರೆ ಕೋಣೆಯಲ್ಲಿ ಇದ್ದವನು ಒಬ್ಬನೇ.

ಅದು ನೀರಿನ ಮೀಟರು ತಯಾರಿಸುವ ಸರ್ಕಾರಿ ಕಂಪನಿ. ಮೇಲಿನವರ ಸಂಬಳ, ಪ್ರೋತ್ಸಾಹಧನದಿಂದ ಹಿಡಿದು ರಿಪೇರಿ ಖರ್ಚಿನವರೆಗೆ ಎಲ್ಲವನ್ನೂ ನಿರ್ಧರಿಸಲು ಒಂದು ಸಮಿತಿಯಿದೆ. ಯಾರಿಗೆ ಲಾಭವೋ ಅವರು ಆ ಚರ್ಚೆಯಲ್ಲಿ ಕೂರಬಾರದು, ಎದ್ದು ಹೊರಗೆ ಹೋಗಬೇಕು ಎಂಬ ನಿಯಮವೂ ಇದೆ. ಒಳ್ಳೆಯ ನಿಯಮವೇ. ಆದರೆ ಹಿಂದೆ ಇದ್ದ ಹಣಕಾಸಿನ ಬುದ್ಧಿವಂತರೊಬ್ಬರು, ಸಮಯ ಉಳಿಯಲಿ ಅಂತ, ಎಂಡಿಯವರ ಪ್ರೋತ್ಸಾಹಧನ, ಮೂವರು ನಿರ್ದೇಶಕರ ಹೆಚ್ಚಳ, ಹೊರಗಿನ ಇಬ್ಬರ ಸಭಾಭತ್ಯೆ ಎಲ್ಲವನ್ನೂ ಒಂದೇ ವಿಷಯದ ಕೆಳಗೆ ಗಂಟು ಕಟ್ಟಿಬಿಟ್ಟಿದ್ದರು. ಅಲ್ಲಿಂದ ಆ ವಿಷಯ ಬಂದಾಗಲೆಲ್ಲ ಎಲ್ಲರೂ ಏಳಬೇಕಾಯಿತು. ಕಂಪನಿಯಿಂದ ಬಿಡಿಗಾಸೂ ಪಡೆಯಕೂಡದ ಸರ್ಕಾರದ ಪ್ರತಿನಿಧಿಯೊಬ್ಬ ಮಾತ್ರ ಕೂತಿರಬಹುದು. ಮಿಕ್ಕವರು ಪಕ್ಕದ ಕೋಣೆಯಲ್ಲಿ ಚಹಾ ಕುಡಿದು ಹತ್ತು ನಿಮಿಷಕ್ಕೆ ವಾಪಸು ಬರುವರು. ನಡಾವಳಿಯಲ್ಲಿ "ಸಂಬಂಧಪಟ್ಟವರು ಹೊರನಡೆದ ಬಳಿಕ ಉಳಿದ ಸದಸ್ಯರು ಕೂಲಂಕಷವಾಗಿ ಚರ್ಚಿಸಿ ಅನುಮೋದಿಸಿದರು" ಎಂದು ದಾಖಲಾಗುವುದು. ಆರು ವರ್ಷ ಹೀಗೇ ನಡೆದಿತ್ತು. ಚಹಾ ಕುಡಿಯುವಾಗ ಯಾರಾದರೂ ತಲೆ ಎಣಿಸಿದ್ದರೆ ಒಳಗೆ ಎಷ್ಟು ಜನ ಉಳಿದಿದ್ದಾರೆ ಅಂತ ಗೊತ್ತಾಗುತ್ತಿತ್ತು. ಚಹಾ ಕುಡಿಯುವಾಗ ತಲೆ ಎಣಿಸುವವರು ಯಾರು?

ಕಂಪನಿಯಲ್ಲಿ ಪ್ರತಿನಿಧಿಯನ್ನು ಎಲ್ಲರೂ "ಸರ್ಕಾರ" ಎಂದೇ ಕರೆಯುತ್ತಿದ್ದರು. "ಸರ್ಕಾರ ಬಂತು" ಎಂದರೆ ಹಜಾರದಲ್ಲಿ ಮಾತು ನಿಲ್ಲುತ್ತಿತ್ತು. ಇತ್ತ ಅವನ ಸ್ವಂತ ಇಲಾಖೆಯಲ್ಲಿ ಅವನು "ಕಂಪನಿಯವರು". ಮಧ್ಯಾಹ್ನ ಅವನು ಡಬ್ಬಿ ಹಿಡಿದು ಬಂದರೆ ಅಲ್ಲಿಯೂ ಮಾತು ನಿಲ್ಲುತ್ತಿತ್ತು. ಎರಡೂ ಕಡೆ ಮರ್ಯಾದೆಗೆ ಕೊರತೆಯಿರಲಿಲ್ಲ, ಪಕ್ಕದಲ್ಲಿ ಬಂದು ಕೂರುವವರಿಗೆ ಕೊರತೆ. ಮನೆಯಲ್ಲಂತೂ ಕರೆಯುವವರೇ ಇಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷ, ಮಕ್ಕಳಿಲ್ಲ. ಬೇರೆ ಊರಿನಲ್ಲಿ ಅಕ್ಕ ಇದ್ದಾಳೆ, ಅವಳಿಗೆ ಕಿವಿ ಮಂದ. ಫೋನು ಮಾಡಿದರೆ ಅವಳದು "ಹಾಂ? ಹಾಂ?", ಇವನದು ಕೂಗಾಟ. ಮುಗಿಯುವ ಹೊತ್ತಿಗೆ ಎದುರು ಮನೆಯವರಿಗೆಲ್ಲ ಇವನ ಬಿ.ಪಿ. ಎಷ್ಟು ಅಂತ ಗೊತ್ತಾಗಿರುತ್ತಿತ್ತು.

ಹಾಗಾಗಿ, ಹೇಳಿದರೆ ನಗಬಾರದು, ವರ್ಷಕ್ಕೊಮ್ಮೆಯ ಆ ಹತ್ತು ನಿಮಿಷಕ್ಕೆ ಅವನು ಕಾಯುತ್ತಿದ್ದ. ಬಾಗಿಲು ಮುಚ್ಚಿದ ಕೂಡಲೇ ಕಾರ್ಯದರ್ಶಿ ಪೆನ್ನು ಕೆಳಗಿಟ್ಟು, ಚಪ್ಪಲಿ ಕಳಚಿ, "ಅಬ್ಬ," ಎನ್ನುವಳು. ಅವಳ ಅಮ್ಮನ ಮಂಡಿ ಆಪರೇಷನ್ನು, ಇವನು ಕುಕ್ಕರು ಸುಟ್ಟದ್ದು, ಇಬ್ಬರೂ ಓದದೇ ಸಹಿ ಮಾಡಿದ ಸುತ್ತೋಲೆಗಳು, ಇಂಥವೇ ಮಾತು. ಮೊದಲ ವರ್ಷ ಮಾತ್ರ ಅವನು ಕಾಗದ ಪೂರ್ತಿ ಓದಿಕೊಂಡು ಬಂದಿದ್ದ. ಮೀಟರು ಮಾರಾಟ ಆ ವರ್ಷ ಇಳಿದಿತ್ತು. ಲಾಭ ಏರಿದ್ದು ಹಳೆಯ ಗೋದಾಮಿನ ಜಾಗ ಮಾರಿದ್ದರಿಂದ. ಜಾಗ ಮಾರಿದರೆ ಬರುವ ಲಾಭಕ್ಕೆ ಎಂಡಿಗೆ ಪ್ರೋತ್ಸಾಹಧನ ಯಾಕೆ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಕೇಳೋಣವೆಂದರೆ ಯಾರನ್ನು ಕೇಳುವುದು? ಎದುರಿಗೆ ಇದ್ದದ್ದು ಖಾಲಿ ಕುರ್ಚಿಗಳು. ಅದನ್ನೇ ತಮಾಷೆ ಮಾಡಿ ಕಾರ್ಯದರ್ಶಿಗೆ ಹೇಳಿದ, ಅವಳು ನಕ್ಕಳು, ಬಾಗಿಲು ತೆರೆಯಿತು, ಅವನು ಸಹಿ ಹಾಕಿದ. ಆಮೇಲಿನ ವರ್ಷಗಳಲ್ಲಿ ಕಂಪನಿ ಮತ್ತೆರಡು ಜಾಗ ಮಾರಿತು, ಅವನು ಕಾಗದ ಓದುವುದನ್ನು ಬಿಟ್ಟ.

ಎಂಡಿ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಪ್ರತಿನಿಧಿಯ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಇಲಾಖೆಯವರು ಹೂಗುಚ್ಛ ಕಳಿಸಿದರು, ಎಂಡಿ ತಾವೇ ಬಂದರು. ವಾರ್ಡಿನ ಹೊರಗಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಡೀ ದಿನ ಕೂತರು, ಔಷಧಿಯ ಚೀಟಿ ಹಿಡಿದು ತಾವೇ ಕೆಳಗಿಳಿದು ಹೋಗಿ ತಂದರು. ಎಲ್ಲ ಮುಗಿದ ಮೇಲೆ ಪ್ರತಿ ಭಾನುವಾರ ಫೋನು ಮಾಡತೊಡಗಿದರು. "ಏನ್ ಸರ್ಕಾರ, ಊಟ ಆಯ್ತಾ?" ಅಷ್ಟೇ. ಎರಡು ನಿಮಿಷ ಅದೂ ಇದೂ ಮಾತು, ಇಟ್ಟುಬಿಡುವರು. ಮೂರು ವರ್ಷದಲ್ಲಿ ಆ ಫೋನು ಒಂದು ಭಾನುವಾರವೂ ತಪ್ಪಿರಲಿಲ್ಲ. ಊಟ ಆಗದಿದ್ದರೂ ಅವನು ಆಯಿತು ಎನ್ನುವನು, ಫೋನು ಇಟ್ಟ ಮೇಲೆ ಏನಾದರೂ ಮಾಡಿಕೊಂಡು ಉಣ್ಣುವನು.

ಹದಿನೈದು ದಿನದ ಹಿಂದೆ ಅವನಿಗೆ ಕಚೇರಿಗೆ ಬಂದು ಕಾಣುವಂತೆ ಒಂದು ಕರೆ ಬಂತು. ಸರ್ಕಾರಿ ಕಂಪನಿಗಳ ಮೇಲಿನವರ ಸಂಬಳ ಪರಿಶೀಲಿಸಲು ಹೊಸದಾಗಿ ಒಂದು ವಿಭಾಗ ಶುರುವಾಗಿತ್ತು. ಅಲ್ಲಿನ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ಆರು ವರ್ಷದ ನಡಾವಳಿಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದಳು. ಜೋರು ಮಾಡಲಿಲ್ಲ, ಅನುಮಾನವನ್ನೂ ತೋರಿಸಲಿಲ್ಲ. ಉಳಿದ ಸದಸ್ಯರು ಅಂದರೆ ಯಾರು ಯಾರು, ಏನು ಚರ್ಚೆಯಾಯಿತು, ಯಾರು ಏನು ಕೇಳಿದರು ಎಂದು ತಿಳಿದುಕೊಳ್ಳಬೇಕಿತ್ತು, ಅಷ್ಟೇ. ಕನಿಷ್ಠ ಮೂವರಿಲ್ಲದೆ ಸಮಿತಿ ಏನನ್ನೂ ತೀರ್ಮಾನಿಸುವಂತಿಲ್ಲ, ಹಾಗಾಗಿ ಮೂವರಾದರೂ ಇದ್ದೇ ಇರುತ್ತಾರೆ ಎಂದು ಅವಳು ನಂಬಿದ್ದಳು. ಮುಂದಿನ ಸಭೆಯಾದ ಮೇಲೆ ಹೆಸರು ಕಳಿಸುತ್ತೇನೆ ಎಂದು ಹೇಳಿ ಅವನು ಎದ್ದುಬಂದ. ಮೆಟ್ಟಿಲು ಇಳಿಯುವಾಗ ಅವನಿಗೆ ಹೊಳೆಯಿತು. ಆರು ವರ್ಷ ತಾನು ಏನೂ ಮಾಡಿಲ್ಲ, ಸುಮ್ಮನೆ ಕೂತಿದ್ದೆ ಅಂದುಕೊಂಡಿದ್ದ. ಕಾಗದದ ಮೇಲೆ ನೋಡಿದರೆ ಎಲ್ಲವನ್ನೂ ಮಾಡಿದವನು ತಾನೊಬ್ಬನೇ. ಹೆದರಿಕೆಯಾಯಿತು. ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತ.

ಮೊನ್ನೆ ಭಾನುವಾರದ ಫೋನಿನಲ್ಲಿ ಊಟದ ಮಾತು ಮುಗಿದ ಮೇಲೆ ಎಂಡಿ ದಾರಿ ಹೇಳಿದರು. ಅವರಿಗೂ ಸುದ್ದಿ ಮುಟ್ಟಿತ್ತು. ಹೊರಗಿನ ಇಬ್ಬರು ಸದಸ್ಯರು ಆರೂ ವರ್ಷ ಒಳಗೇ ಇದ್ದರು ಅಂತ ಒಂದು ಪಟ್ಟಿ ಮಾಡೋಣ, ಅವರಿಬ್ಬರೂ ಒಪ್ಪಿದ್ದಾರೆ, ಪ್ರತಿನಿಧಿ ಹೌದೆಂದು ದೃಢೀಕರಿಸಿದರೆ ಮುಗಿಯಿತು. ಮುಂದಿನ ವರ್ಷದಿಂದ ವಿಷಯವನ್ನೇ ಬೇರೆ ಬೇರೆ ಮಾಡಿದರಾಯಿತು. ಇಲ್ಲದಿದ್ದರೆ ಆರು ವರ್ಷದ್ದೆಲ್ಲ ಅಸಿಂಧು, ವಿಚಾರಣೆ, ವಸೂಲಿ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ನಿಮಗೇಕೆ ಈ ತಲೆನೋವು ಎಂದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ನೋಡೋಣ ಎಂದ ಪ್ರತಿನಿಧಿ.

ಈಗ ಆ ಪಟ್ಟಿ ಕಾರ್ಯದರ್ಶಿಯ ಕಡತದಲ್ಲಿತ್ತು. ಇವತ್ತು ಅವಳು ಚಪ್ಪಲಿ ಕಳಚಲಿಲ್ಲ. ಎದ್ದು, ಅಷ್ಟುದ್ದದ ಮೇಜನ್ನು ಬಳಸಿ ಬಂದು, ಪಟ್ಟಿಯನ್ನು ಅವನ ಮುಂದಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತಳು. ಆರು ಸಾಲು, ಪ್ರತಿ ಸಾಲಿನಲ್ಲೂ ಮೂರು ಹೆಸರು. ಪ್ರಾಧ್ಯಾಪಕರೂ ಎಂಜಿನಿಯರೂ ಆಗಲೇ ಸಹಿ ಹಾಕಿಯಾಗಿತ್ತು. ಪ್ರಾಧ್ಯಾಪಕರ ಸಹಿ ಮುದ್ದಾಗಿತ್ತು. ಕೆಳಗೆ ಎರಡು ಜಾಗ ಖಾಲಿ, ಒಂದು ಇವನದು, ಒಂದು ಅವಳದು. ಪಕ್ಕದ ಕೋಣೆಯಿಂದ ಚಹಾದ ಕಪ್ಪು-ಬಸಿಗಳ ಸದ್ದು ಕೇಳುತ್ತಿತ್ತು.

"ನೀವು ಹಾಕ್ತೀರಾ ಮೇಡಂ?" ಎಂದು ಅವನು ಕೇಳಿದ.

"ನೀವು ಹಾಕಿದ್ರೆ ಹಾಕ್ತೀನಿ ಸರ್. ನನ್ನ ಮೇಲಿನವರು ಹೇಳಿದ್ದಾರೆ, ನೀವೂ ಹಾಕಿದ್ದೀರಿ, ನಾನ್ಯಾರು ಬೇಡ ಅನ್ನೋಕೆ? ನೀವು ಹಾಕದಿದ್ರೆ ನಂಗೆ ಹಾಕೋ ಪ್ರಶ್ನೇನೇ ಬರಲ್ಲ," ಎಂದಳು. ಆಮೇಲೆ ಮೆಲ್ಲಗೆ, "ರಾತ್ರಿಯೆಲ್ಲ ನಿದ್ದೆ ಬರಲಿಲ್ಲ," ಎಂದು ಸೇರಿಸಿದಳು.

ಅವನಿಗೆ ಅವಳ ಮೇಲೆ ಕನಿಕರ ಹುಟ್ಟಿತು, ತನ್ನ ಮೇಲೆ ಸಿಟ್ಟು ಬಂತು. ವರ್ಷಕ್ಕೊಮ್ಮೆ ಹತ್ತು ನಿಮಿಷ ಸಿಗುವ ಜೊತೆಗೋಸ್ಕರ ತಾನು ಸುಮ್ಮನಿದ್ದುಬಿಟ್ಟೆನಲ್ಲ ಅನ್ನಿಸಿತು. ಅದು ಸೋಮಾರಿತನ ಅಂದುಕೊಂಡಿದ್ದ, ಅಲ್ಲ. ಪ್ರಶ್ನೆ ಕೇಳಿದರೆ ಆ ಬಾಗಿಲು ಮುಂದೆಂದೂ ಹಾಗೆ ಮುಚ್ಚುವುದಿಲ್ಲ, ಆ ಫೋನು ಹಾಗೆ ಬರುವುದಿಲ್ಲ ಎಂದು ಒಳಗೊಳಗೇ ಗೊತ್ತಿತ್ತು. ಅವನು ಪಟ್ಟಿಯನ್ನು ಎರಡು ಬೆರಳಿನಿಂದ ಅವಳ ಕಡೆಗೆ ಸರಿಸಿದ.

"ಪೆನ್ನು ತಗೊಳ್ಳಿ. ಬರೀರಿ. ಈ ವಿಷಯ ಬಂದಾಗ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಈ ವರ್ಷಾನೂ, ಹಿಂದಿನ ಆರು ವರ್ಷಾನೂ. ಚರ್ಚೆ ಆಗಲಿಲ್ಲ. ಮಾಡೋಕೆ ಇನ್ನೊಬ್ಬರು ಇರಲಿಲ್ಲ."

ಅವಳು ಬರೆದಳು. ಬರೆಯುವಾಗ ತಲೆ ಎತ್ತಲಿಲ್ಲ.

"ಮೊದಲನೇ ವರ್ಷ ನನ್ನ ಹತ್ರ ಒಂದು ಪ್ರಶ್ನೆ ಇತ್ತು, ಕೇಳಲಿಲ್ಲ. ಅದನ್ನೂ ಬರೀರಿ."

"ಅದು ಬೇಡ ಸರ್. ನಡಾವಳಿಗೆ ಅದು ಬೇಕಾಗಲ್ಲ. ನಿಮಗೇ ತಿರುಗಿ ಬರುತ್ತೆ."

"ಬರಲಿ. ಜಾಗ ಮಾರಿದ ಲಾಭಕ್ಕೆ ಪ್ರೋತ್ಸಾಹಧನ ಯಾಕೆ ಅಂತ ಪ್ರಶ್ನೆ. ಗೊತ್ತಿದ್ದೂ ಸಹಿ ಹಾಕಿದೆ ಅಂತ ಬರೀರಿ."

ಅವಳು ಅದನ್ನೂ ಬರೆದಳು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಅಮ್ಮ ಹೇಗಿದ್ದಾರೆ ಎಂದು ಅವನು ಕೇಳಿದ. ಈಗ ಮೆಟ್ಟಿಲು ಹತ್ತುತ್ತಾರೆ, ಇಳಿಯೋದೇ ಕಷ್ಟ ಎಂದಳು. ಗೋಡೆಯ ಮೇಲೆ ಹಿಂದಿನ ಎಂಡಿಗಳ ಚಿತ್ರಗಳಿದ್ದವು, ಅವನು ಅವುಗಳನ್ನೇ ನೋಡುತ್ತ ಕೂತ.

ಬಾಗಿಲು ತೆರೆದು ಎಲ್ಲರೂ ಬಂದರು. ಪ್ರಾಧ್ಯಾಪಕರು ಯಾವುದೋ ಜೋಕು ಅರ್ಧಕ್ಕೆ ನಿಲ್ಲಿಸಿಕೊಂಡೇ ಬಂದಿದ್ದರು, ಕೂತ ಮೇಲೆ ಅದನ್ನು ಮುಗಿಸಿದರು, ಎಂಜಿನಿಯರು ನಕ್ಕರು. ಕಾರ್ಯದರ್ಶಿ ಎದ್ದು ನಿಂತು ಬರೆದದ್ದನ್ನು ಓದಿದಳು. ಓದಿ ಮುಗಿದಾಗ ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಹಣಕಾಸಿನ ನಿರ್ದೇಶಕರು ಇದು ಕ್ರಮಬದ್ಧವಲ್ಲ, ಮೂವರ ಕೋರಂ ಇಲ್ಲದಾಗ ಒಬ್ಬರು ಹೇಳಿದ್ದಕ್ಕೆ ಬೆಲೆಯಿಲ್ಲ ಎಂದು ಶುರುಮಾಡಿದರು. ಹೇಳುತ್ತ ಹೇಳುತ್ತ, ಹಾಗೆಂದರೆ ಹಿಂದಿನದಕ್ಕೂ ಬೆಲೆಯಿಲ್ಲ ಎಂದಾಗುತ್ತದೆ ಎಂಬುದು ಅವರಿಗೇ ತಿಳಿದು ಸುಮ್ಮನಾದರು.

ಎಂಡಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿನ ನೀರಿನ ಲೋಟವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು.

"ಭಾನುವಾರಾನೇ ನಂಗೆ ಹೇಳ್ಬಹುದಿತ್ತಲ್ಲ," ಎಂದರು. ಸರ್ಕಾರ ಅನ್ನಲಿಲ್ಲ, ಸರ್ ಅನ್ನಲಿಲ್ಲ.

"ಹೇಳ್ಬಹುದಿತ್ತು," ಎಂದ ಪ್ರತಿನಿಧಿ. "ನೀವು ಊಟ ಆಯ್ತಾ ಅಂತ ಕೇಳಿದ್ರಿ. ಹಾಗೆ ಕೇಳೋರು ನಂಗೆ ನೀವೊಬ್ರೇ. ಅದನ್ನ ಕೆಡಿಸೋಕೆ ಮನಸ್ಸಾಗಲಿಲ್ಲ."

ಎಂಡಿ ಅವನ ಮುಖವನ್ನೇ ನೋಡಿದರು. ಆಮೇಲೆ ಕಾಗದ ತಿರುಗಿಸಿ ಮುಂದಿನ ವಿಷಯ ಎಂದರು. ಮುಂದಿನ ವಿಷಯ ಈಗಿನ ಗೋದಾಮಿನ ಚಾವಣಿಯ ರಿಪೇರಿ. ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು, ಎಲ್ಲರೂ ಮಾತಾಡಿದರು. ಅಷ್ಟು ಜನ ಅಷ್ಟು ಹೊತ್ತು ಕೂಲಂಕಷವಾಗಿ ಚರ್ಚಿಸಿದ್ದನ್ನು ಅವನು ಆ ಕೋಣೆಯಲ್ಲಿ ಅದೇ ಮೊದಲು ಕಂಡದ್ದು.

ಸಭೆ ಮುಗಿದು ಎಲ್ಲರೂ ಒಟ್ಟಿಗೇ ಹೊರಬಿದ್ದರು. ಅದು ಐದನೇ ಮಹಡಿ. ಲಿಫ್ಟು ಬಂತು, ಪ್ರತಿನಿಧಿ ಒಳಗೆ ಹೋಗಿ ಹಿಂದಿನವರಿಗೆ ಜಾಗವಾಗಲೆಂದು ಮೂಲೆಗೆ ಸರಿದು ನಿಂತ. ಯಾರೂ ಬರಲಿಲ್ಲ. "ನೀವು ಹೋಗಿ, ನಾವು ಇನ್ನೊಂದರಲ್ಲಿ ಬರ್ತೀವಿ," ಎಂದು ಎಂಜಿನಿಯರು ಹೇಳಿದರು. ಆ ಕಟ್ಟಡಕ್ಕೆ ಇದ್ದದ್ದು ಒಂದೇ ಲಿಫ್ಟು. ಪ್ರಾಧ್ಯಾಪಕರು ತಮ್ಮ ಬೂಟು ನೋಡುತ್ತಿದ್ದರು, ಎಂಡಿ ಕಿಟಕಿಯ ಕಡೆ ತಿರುಗಿದ್ದರು. ಎಲ್ಲರಿಗಿಂತ ಹಿಂದೆ ಕಾರ್ಯದರ್ಶಿ ಕಡತವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳೊಬ್ಬಳೇ ಅವನನ್ನು ನೇರವಾಗಿ ನೋಡಿದಳು, ಆದರೆ ನಿಂತಲ್ಲಿಂದ ಕದಲಲಿಲ್ಲ. ಎಂಟು ಜನ ಹಿಡಿಸುವ ಲಿಫ್ಟಿನ ಬಾಗಿಲು ಇನ್ನೂ ಯಾರಾದರೂ ಬರುವರೆಂದು ತೆರೆದೇ ಇತ್ತು. ಅವರೆಲ್ಲ ಹಾಗೆ ನಿಂತಿರುವುದನ್ನು ನೋಡಲಾಗದೆ ಅವನು ಕೈ ಚಾಚಿ ಬಾಗಿಲು ಮುಚ್ಚುವ ಗುಂಡಿಯನ್ನು ತಾನೇ ಒತ್ತಿದ.