ಜಟ್ಟಿಂಗಪ್ಪನ ಹೆಬ್ಬೆಟ್ಟು

"ಆ ಹುಡುಗಿ ಬರ್ಲಿಲ್ವಾ ಸಾರ್?"

ಯಾವ ಹುಡುಗಿ ಎಂದು ನಿರಂಜನನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ "ಯಾರಮ್ಮ?" ಅಂದ. ಗೊತ್ತಿಲ್ಲದವನ ಸೋಗು ಹಾಕಿದರೆ ಸ್ವಲ್ಪ ಹೊತ್ತು ದೂಡಬಹುದು.

ಅರಳಸುರಳಿಯಾಚೆಯ ಪುಟ್ಟ ಊರು. ಶಾಲೆಯ ಜಗುಲಿಯಲ್ಲಿ ಕಾನೂನು ಕಾಲೇಜಿನ ಶಿಬಿರ. ವರ್ಷಕ್ಕೊಮ್ಮೆ ಊರ ಸೇವೆ ಮಾಡಿದರೆ ವಿದ್ಯಾರ್ಥಿಗಳಿಗೆ ಇಪ್ಪತ್ತು ಅಂಕ. ನಿರಂಜನ ಅವರ ಮೇಷ್ಟ್ರು. ತನ್ನಿಂದ ಒಬ್ಬರಿಗಾದರೂ ಉಪಕಾರವಾಗಲಿ ಎಂಬ ಆಸೆಗೇ ವಕೀಲಿಕೆ ಬಿಟ್ಟು ಬಂದವನು. ಆ ಆಸೆ ಇನ್ನೂ ಸತ್ತಿರಲಿಲ್ಲ, ಪಾಪ.

"ಭವ್ಯಾ ಅಂತ. ಹೋದ್ವರ್ಷ ಜಟ್ಟಿಂಗಪ್ಪಜ್ಜನ ಹೇಳಿಕೆ ಬರ್ಕಂಡು ಹೋದ್ಲಲ್ಲ," ಎಂದಳು ದುಗ್ಗಮ್ಮ.

ಊರಿನ ಉಳಿದವರಂತೆ ಅವಳಿಗೂ ಕಾಡಿನಂಚಿನ ಅರ್ಧ ಎಕರೆಗೆ ಹಕ್ಕುಪತ್ರ ಬೇಕಿತ್ತು. ದಾಖಲೆ ಒಂದೂ ಇಲ್ಲ. ಇವರು ಮೂರು ತಲೆಮಾರಿನಿಂದ ಇಲ್ಲೇ ಇದ್ದಾರೆಂದು ಊರ ಹಿರಿಯರೊಬ್ಬರು ಹೇಳಿ ಹೆಬ್ಬೆಟ್ಟು ಒತ್ತಿದರೆ ಅದೂ ಸಾಕ್ಷಿಯೇ. ಜಟ್ಟಿಂಗಪ್ಪ ಒತ್ತಿದ್ದ. ಮಳೆಗಾಲದಲ್ಲಿ ತೀರಿಕೊಂಡ.

ಭವ್ಯಾ ಆ ಮೂಲ ಹೇಳಿಕೆಯನ್ನೇ ತನ್ನ ವರದಿಗೆ ಸೇರಿಸಿ, ರಟ್ಟು ಹಾಕಿಸಿ ಒಪ್ಪಿಸಿದ್ದಳು. ನಿರಂಜನ 'ಮನ ಕಲಕಿತು' ಎಂದು ಷರಾ ಬರೆದು ಹತ್ತೊಂಬತ್ತು ಅಂಕ ಕೊಟ್ಟ. ಅರ್ಜಿಯ ಜೊತೆಗಿರಬೇಕಾದ ಮೂಲ ಪ್ರತಿ ಇಲ್ಲೇಕಿದೆ ಎಂದು ಕೇಳಲು ಹೊಳೆಯಲೇ ಇಲ್ಲ. ಆಮೇಲೆ ಅದೂ ಸೇರಿದಂತೆ ಹಳೆಯ ವರದಿಗಳನ್ನು ರದ್ದಿಗೆ ಹಾಕಲು ಸಹಿ ಮಾಡಿದವನೂ ಅವನೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಇವನು.

"ಕಾಗ್ದ ಜೋಪಾನವಾಗಿದ್ಯಲ್ಲ ಸಾರ್?"

"ಕಾಲೇಜಲ್ಲಿ... ನೋಡ್ಬೇಕು."

"ನಿಮ್ಮತ್ರ ಇದ್ರೆ ದೇವ್ರ ಪೆಟ್ಟಿಗೇಲಿ ಇದ್ದಂಗೆ ಬಿಡಿ."

ಅಯ್ಯೋ, ಬೈದಿದ್ದರಾದರೂ ಚೆನ್ನಾಗಿತ್ತು. ಎಲ್ಲ ಹೇಳಿಬಿಟ್ಟು, ಅವಳಿಂದ ಉಗಿಸಿಕೊಂಡು ಹಗುರಾಗಬೇಕೆಂದು ಅವನ ಜೀವ ಹಾತೊರೆಯಿತು. ಬಾಯಿ ಮಾತ್ರ ಮೇಷ್ಟ್ರದ್ದು.

"ಯಾವುದಕ್ಕೂ ಇನ್ನೊಬ್ಬ ಹಿರಿಯರ ಹೇಳಿಕೆ ಇರಲಿ. ಯಾರಿದ್ದಾರೆ?"

ದುಗ್ಗಮ್ಮ ನಕ್ಕಳು. "ಉಳ್ದೋರೆಲ್ಲ ನನ್ನ ಕಣ್ಮುಂದೆ ಹುಟ್ಟಿದೋರು. ಈಗ ಈ ಊರಿಗೆ ನಾನೇ ಹಿರೀ ತಲೆ."

ಪಕ್ಕದಲ್ಲಿ ಬರೆಯುತ್ತಿದ್ದ ವಿದ್ಯಾರ್ಥಿನಿ ಸುಮನಾ ಥಟ್ಟನೆ ತಲೆಯೆತ್ತಿದಳು. "ಸರ್, ಹಾಗಾದ್ರೆ ಎಲ್ಲರ ಅರ್ಜಿಗೂ ಇವರೇ ಸಾಕ್ಷಿ ಆಗ್ಬಹುದಲ್ವಾ!"

ಎಲ್ಲರದ್ದಕ್ಕೂ ಆಗಬಹುದು, ತನ್ನದೊಂದು ಬಿಟ್ಟು. ತನ್ನ ಅರ್ಜಿಗೆ ತಾನೇ ಸಾಕ್ಷಿಯಾಗುವಂತಿಲ್ಲ ಎಂಬ ಪಾಠ ಮಾಡಿದವನೂ ನಿರಂಜನನೇ.

ಊರವರು ಸಾಲುಗಟ್ಟಿದರು. "ಇವ್ನಪ್ಪ ಹುಟ್ಟಿದ್ದು ಇಲ್ಲೇ, ಬರ್ಕಳಿ. ಇವ್ಳ ಅತ್ತೆಮನೆ ಅಗೋ ಆ ಹೊಂಡದ ಬದೀಲಿತ್ತು, ಬರ್ಕಳಿ." ದುಗ್ಗಮ್ಮ ಹುರುಪಿನಿಂದ ಒಬ್ಬೊಬ್ಬರ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತ ಹೋದಳು. ನಿರಂಜನ ಶಾಯಿಯ ಡಬ್ಬಿ ಹಿಡಿದು ನಿಂತಿದ್ದ.

ಎಲ್ಲರದ್ದೂ ಮುಗಿಯಿತು.

"ನಂದಕ್ಕೆ ಹೆಂಗೂ ಅಜ್ಜನ ಕಾಗ್ದ ಇದ್ಯಲ್ಲ," ಎಂದು ಏಳುತ್ತ ಅವಳು ನೀಲಿ ಬೆರಳು ನೋಡಿಕೊಂಡಳು. ಅವನು ಕರವಸ್ತ್ರ ಚಾಚಿದ.

ಒರೆಸಿಕೊಂಡು ಅವಳು ಮೆಟ್ಟಿಲಿಳಿದಳು. ಬಿಳಿ ಬಟ್ಟೆಯ ಮೇಲೆ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು. ಅದರ ಮೇಲೆ ಹೇಳಿಕೆಯ ಒಂದಕ್ಷರವೂ ಇರಲಿಲ್ಲ.